ಆಮೆಯಜ್ಜನಿಗೆ ಮೋಡದ ಆಸೆ

ಮೀನಿಗಾಗಿ ದಿನವಿಡೀ ತಲೆ ತಗ್ಗಿಸಿ ನಿಂತೂ ನಿಂತೂ ಕೊಕ್ಕರೆಗೆ ಕತ್ತು ಹಿಡಿದುಕೊಂಡಿತ್ತು. ಸಿಕ್ಕ ಮೀನನ್ನು ನುಂಗುವುದೂ ಕಷ್ಟವಾಗಿತ್ತು. "ಆಗಾಗ ತಲೆಯೆತ್ತಿ ನಿಲ್ಲು" ಎಂದವರಿಗೆಲ್ಲ, "ಆಗ ನಿಮ್ಮಪ್ಪ ಬಂದು ಮೀನು ಹಿಡಿದು ಕೊಡ್ತಾನಾ?" ಎಂದು ರೇಗುತ್ತಿತ್ತು.

ಒಂದು ಬೆಳಿಗ್ಗೆ ಕೆರೆಯ ಆಮೆಯಜ್ಜ ಬಂದು, "ವಯಸ್ಸಾಯ್ತು ಮಗಾ, ಕತ್ತು ಎತ್ತೋಕಾಗಲ್ಲ. ಮೋಡ ನೋಡೋ ಆಸೆ. ಆಗಾಗ ನೀನೇ ನೋಡಿ ಹೇಳ್ತೀಯಾ?" ಎಂದ.

ಕೊಕ್ಕರೆಯ ಕರುಳು ಚುರಕ್ಕೆಂದಿತು. ನೋವಾದರೂ ಗಳಿಗೆಗೊಮ್ಮೆ ಮೆಲ್ಲಗೆ ತಲೆಯೆತ್ತಿ, ಅತ್ತಿತ್ತ ತಿರುಗಿ, "ಅಗೋ ಅಜ್ಜಾ, ಆನೆ! ಈಗ ಮೊಲ!" ಎಂದು ಹೇಳತೊಡಗಿತು. ಹದಿನೈದು ದಿನದಲ್ಲಿ ಕತ್ತು ಹಗುರವಾಯಿತು.

ಹದಿನಾರನೆಯ ದಿನ ನೋಡಿದರೆ, ಆಮೆಯಜ್ಜ ಬಂಡೆಯ ಮೇಲೆ ಕತ್ತು ಚಾಚಿ ಆಕಾಶ ನೋಡುತ್ತಿದ್ದಾನೆ!

"ಎತ್ತೋಕಾಗಲ್ಲ ಅಂದಿದ್ದೆಯಲ್ಲಜ್ಜ!" ಎಂದಿತು ಕೊಕ್ಕರೆ.

ಅಜ್ಜ ನಕ್ಕ. "ನಿನಗೋಸ್ಕರ ಎತ್ತು ಅಂದಿದ್ದರೆ ನೀನೆಲ್ಲಿ ಎತ್ತುತ್ತಿದ್ದೆ, ಮಗಾ?"