ಬೆವರಿದ ಮೀನು

ಬೋರಲಿಂಗೇಗೌಡರ ಗಾಳ ಕಂಡರೆ ಹೊಳೆಯ ಮೀನೆಲ್ಲ ಗಡಗಡ ನಡುಗುತ್ತಿದ್ದವಂತೆ. ಹಾಗಂತ ಹೇಳಿದವರೂ ಗೌಡರೇ.

ಅಂದು ನಡುಬೇಸಿಗೆ. ಮನೆಮಂದಿ, ನೆಂಟರು ಎಲ್ಲರನ್ನೂ ಶಿಂಷಾ ಹೊಳೆಯ ದಂಡೆಗೆ ಕರೆತಂದು ಗೌಡರು ಅಪ್ಪಣೆ ಮಾಡಿದರು: "ನನ್ನ ಗಾಳಕ್ಕೆ ಮೀನು ಬೀಳೋಗಂಟ ಯಾರೂ ಬುತ್ತಿ ಬಿಚ್ಚಂಗಿಲ್ಲ!"

ಹೊತ್ತು ನೆತ್ತಿ ದಾಟಿತು. ಮೀನಿನ ಸುಳಿವಿಲ್ಲ. ನೆಂಟರು ಬುತ್ತಿಯ ಗಂಟನ್ನೇ ನೋಡುತ್ತ ಕೂತರು. ಹಸಿದ ಮಗು ಅತ್ತೂ ಅತ್ತೂ ಸೋತು ಮಡಿಲಲ್ಲಿ ಮುದುಡಿದಾಗ, ಸೊಸೆ ಕೆಂಪಾಜಮ್ಮನಿಗೆ ಇನ್ನು ಈ ಜನ್ಮದಲ್ಲಿ ಊಟವಿಲ್ಲ ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಗೌಡರು ತೂಕಡಿಸಿದರು. ಅವಳು ಮೆಲ್ಲಗೆ ದಾರ ಎಳೆದು, ಬುತ್ತಿಯೊಳಗಿನ ಒಣಮೀನೊಂದನ್ನು ಗಾಳಕ್ಕೆ ಚುಚ್ಚಿ, ನೀರಿಗೆ ಬಿಟ್ಟು ಕೂಗಿದಳು: "ಮಾವಯ್ಯಾ, ಬಿತ್ತು!"

ಗೌಡರು ಬೆಚ್ಚಿ ಎದ್ದು ಎಳೆದರು. "ಇದೇನಮ್ಮಿ, ಒಣಮೀನು!"

"ಈ ಬಿಸಿಲಿಗೆ ನೀರೊಳಗೇ ಒಣಗೈತೆ, ಮಾವಯ್ಯ."

ಗೌಡರು ನೆಕ್ಕಿ ನೋಡಿದರು. "ಉಪ್ಪುಪ್ಪಗೈತಲ್ಲ?"

"ನಿಮ್ಮ ಗಾಳ ಕಂಡು ಹೆದರಿ ಬೆವತೈತೆ."

ಗೌಡರು ಮೀನನ್ನು ನೋಡಿದರು. ಸುತ್ತ ಬಾಡಿ ಕೂತಿದ್ದ ಮುಖಗಳನ್ನು ನೋಡಿದರು. ಆಮೇಲೆ ಮೀಸೆ ತಿರುವಿದರು.

"ಬೆವರದೆ ಇನ್ನೇನು ಮಾಡಾತು? ಬಿಚ್ರೋ ಬುತ್ತೀಯ!"