ಬೀಗ ತೆಗೆದ ರೂಟ್

ಏಳು ತಲೆಮಾರಿನ ಧೂಳು ಕುಡಿದಿದ್ದ ಒಂದು ಯುನಿಕ್ಸ್ ಕಂಪ್ಯೂಟರಿನ ಡಿಸ್ಕಲ್ಲಿ ಅಕ್ಕಪಕ್ಕ ಎರಡು ಕೋಣೆ ಇದ್ವು. ಒಂದು ರೂಟ್. ಕಂಪ್ಯೂಟರ್ ಕಣ್ಣು ಬಿಡೋಕೆ ಬೇಕಾದದ್ದೆಲ್ಲ ಅವನೊಳಗೇ ಇತ್ತು. ಕೆಟ್ಟ ಕೋಣೆಗಳನ್ನ ನೆಟ್ಟಗೆ ಮಾಡೋ ರಿಪೇರಿ ಮಾವನ ವಾಸವೂ ಅಲ್ಲೇ. ಅದಕ್ಕೇ ರೂಟಿಗೊಂದು ಬೀಗ: ಯಾರು ಬೇಕಾದ್ರೂ ಓದಬಹುದು, ಯಾರೂ ಬರೆಯೋ ಹಾಗಿಲ್ಲ. ಇನ್ನೊಂದು ಲಾಗ್. ಸೊಳ್ಳೆ ಸೀನಿದ್ರೂ ಗಂಟೆ ನಿಮಿಷ ಸಮೇತ ಬರೆದಿಡೋ ಜಾತಿ.

ಒಂದಿನ ಲಾಗ್ ಬಂದು ಬಾಗಿಲು ಬಡಿದ. “ರೂಟಣ್ಣ, ನನ್ನ ಕೋಣೆ ತುಂಬಿಹೋಯ್ತು. ನಿನ್ನ ಹತ್ರ ಇಷ್ಟು ಜಾಗ ಸುಮ್ನೆ ಬಿದ್ದಿದೆ. ಯಾರೂ ಕಾಲಿಡದ್ದು ಒಂದು ಮನೆಯೇನಣ್ಣ?”

ವರ್ಷಗಟ್ಲೆ ಹೊರಗಿನವರು ಯಾರೂ ಮಾತಾಡಿಸದ ರೂಟಿಗೆ ಆ ಮಾತು ನಾಟ್ತು.

“ಬೇಡ ಕಣೋ,” ಅಂದ ರಿಪೇರಿ ಮಾವ. “ಬರೀತಾ ಇರೋವಾಗ ಕರೆಂಟ್ ಹೋದ್ರೆ ಆ ಕೋಣೆ ಚಿಂದಿ. ಅವನದು ಚಿಂದಿಯಾದ್ರೆ ನಾನಿದ್ದೀನಿ. ನಿನ್ನದಾದ್ರೆ?”

“ನಾಲ್ಕೇ ಸಾಲು ಬಿಡಿ ಮಾವ,” ಅಂತ ರೂಟ್ ಬೀಗ ತೆಗೆದ.

ನಾಲ್ಕು ಸಾಲು ಊಟದ ಹೊತ್ತಿಗೆ ನಲವತ್ತು ಲಕ್ಷ ಆಯ್ತು. ಆಗ ಕರೆಂಟ್ ಹೋಯ್ತು.

ವಾಪಸ್ ಬಂದಾಗ ಕಂಪ್ಯೂಟರ್ ಅರ್ಧ ಕಣ್ಣು ಬಿಟ್ಟು ಅಲ್ಲೇ ನಿಂತುಬಿಡ್ತು. “ಅಣ್ಣಾ, ನನ್ನದೆಲ್ಲ ಕಲಸಿಹೋಗಿದೆ, ಬೇಗ ಮಾವನ್ನ ಕಳ್ಸು!” ಅಂತ ಲಾಗ್ ಗೋಗರೆದ.

“ಮಾವಾ!” ಅಂತ ರೂಟ್ ಕೂಗಿದ. ಇನ್ನೊಂದ್ಸಲ ಕೂಗಿದ. ಮಾವ ಕೂರ್ತಿದ್ದ ಜಾಗದಲ್ಲಿ ಮಾವ ಇರಲಿಲ್ಲ. ಅಲ್ಲಿದ್ದದ್ದು ಲಾಗಿನ ಕೈಬರಹದ ಒಂದು ಅರ್ಧ ಸಾಲು ಮಾತ್ರ: “ಮಧ್ಯಾಹ್ನ ಒಂದೂವರೆ. ಎಲ್ಲಾ ಕ್ಷೇಮ. ರೂಟಣ್ಣ ಬಹಳ ಒಳ್ಳೆ…”