ಬಲಗಡೆಯ ಉಸಿರು

“ಗುರುಗಳೇ, ನನ್ನ ತಾಯಿ ಬಂದು ಆಶ್ರಮದ ಬಾಗಿಲಲ್ಲಿ ನಿಂತಿದ್ದಾಳೆ. ವ್ರತ ಮುಗಿಯುವವರೆಗೆ ಮನೆಯವರ ಮುಖ ನೋಡುವುದಿಲ್ಲ ಎಂದು ನಾನು ಸಂಕಲ್ಪ ಮಾಡಿದ್ದೇನೆ. ಈಗ ಹೋಗಿ ನೋಡಿದರೆ ಸಾಧನೆ ಕೆಡುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

“ಕೆಡುತ್ತದೆ,” ಎಂದರು ಗುರುಗಳು. “ಇಷ್ಟು ಚೆನ್ನಾಗಿ ಗೊತ್ತಿರುವವನು ನನ್ನನ್ನು ಕೇಳಲು ಯಾಕೆ ಬಂದೆ? ಬಂದಿದ್ದೀಯಲ್ಲ, ಕುಳಿತುಕೋ. ಒಂದು ಕತೆ ಹೇಳುತ್ತೇನೆ.”

ಒಬ್ಬ ಈಜುಗಾರ್ತಿ ಇದ್ದಳು. ಐವತ್ತು ಮೀಟರ್ ಫ್ರೀಸ್ಟೈಲ್‌ನಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕೊಳದ ಈ ಗೋಡೆಯಿಂದ ಆ ಗೋಡೆಗೆ ಒಂದೇ ಸಲ ಹೋಗುವ ಸ್ಪರ್ಧೆ ಅದು. ನೋಡುವವರು ಸರಿಯಾಗಿ ಕೂರುವಷ್ಟರಲ್ಲಿ ಮುಗಿದಿರುತ್ತದೆ.

ಅವಳ ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದ. ಊರ ಕಲ್ಯಾಣಿಯಲ್ಲಿ ಅವಳಿಗೆ ಈಜು ಕಲಿಸಿದವನು ಅವನೇ. ಟ್ಯೂಬಿಗೆ ಗಾಳಿ ತುಂಬಿ, ಅವಳ ಸೊಂಟಕ್ಕೆ ಕಟ್ಟಿ ನೀರಿಗೆ ಬಿಡುತ್ತಿದ್ದ. ಅವಳಿಗೆ ತಿಳಿಯದಂತೆ ದಿನಕ್ಕಿಷ್ಟು ಗಾಳಿ ಕಡಿಮೆ ಮಾಡುತ್ತಾ ಹೋದ. ತಾನು ಪಂಚೆ ಎತ್ತಿ ಕಟ್ಟಿಕೊಂಡು ಅವಳ ಬಲಗಡೆಯ ಮೆಟ್ಟಿಲ ಮೇಲೆ ನಡೆಯುತ್ತಿದ್ದ. ಉಸಿರು ತೆಗೆದುಕೊಳ್ಳುವ ಹೊತ್ತಿಗೆ ದೊಡ್ಡದಾಗಿ ಬಾಯಿ ತೆರೆದು, ತಾನೇ ಉಸಿರೆಳೆದು ತೋರಿಸುತ್ತಿದ್ದ. ಹುಡುಗಿ ಅವನ ಕಡೆ ಮುಖ ತಿರುಗಿಸಿ ತಾನೂ ಉಸಿರೆಳೆಯುತ್ತಿದ್ದಳು. ಕೆಲವೊಮ್ಮೆ ಆ ಬಾಯಿ ನೋಡಿ ನಗು ಬಂದು ನೀರು ಕುಡಿಯುತ್ತಿದ್ದಳು. ಅಂಥ ಸುಖದ ದಿನಗಳು ಅವಳಿಗೆ ಮತ್ತೆ ಬರಲಿಲ್ಲ.

ಪಟ್ಟಣದ ತರಬೇತುದಾರ ಬಂದವನೇ ಆ ಅಭ್ಯಾಸ ಬಿಡಿಸಿದ. ಐವತ್ತು ಮೀಟರಿಗೆ ಉಸಿರೇ ಬೇಡ, ಮುಖ ತಿರುಗಿಸಿದರೆ ಹಿಂದೆ ಬೀಳುತ್ತೀಯ ಎಂದ. ಅವಳು ಹಾಗೆಯೇ ಕಲಿತಳು. ನೀರಿಗೆ ಹಾರಿದರೆ ಗೋಡೆ ಮುಟ್ಟುವವರೆಗೆ ಮುಖ ಎತ್ತುತ್ತಿರಲಿಲ್ಲ. ಕೊಳದ ತಳದಲ್ಲಿ ಎಳೆದ ಕಪ್ಪು ಗೆರೆಯೊಂದೇ ಕಾಣುತ್ತಿತ್ತು. ಜಿಲ್ಲೆಯಲ್ಲಿ ಗೆದ್ದಳು, ರಾಜ್ಯದಲ್ಲಿ ಗೆದ್ದಳು, ಆಮೇಲೆ ದೇಶಕ್ಕೇ ಮೊದಲಿಗಳಾದಳು.

ಪ್ರತಿ ಸ್ಪರ್ಧೆಗೂ ಅಪ್ಪ ಅಂಗಡಿ ಮುಚ್ಚಿ ಬರುತ್ತಿದ್ದ. ಕೊಳದ ಬಲಗಡೆ, ನಡುಮಧ್ಯದಲ್ಲಿ, ಕಂಬಿ ಹಿಡಿದು ನಿಲ್ಲುತ್ತಿದ್ದ. ಅವನು ಅಲ್ಲಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕು ಎಂದುಕೊಂಡಿದ್ದಳು. ಗೆದ್ದ ಮೇಲೆ ಜನ ಮುತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವನಿಗೆ ಬಸ್ಸಿನ ಹೊತ್ತಾಗುತ್ತಿತ್ತು.

ಒಂದು ವರ್ಷ ಅಪ್ಪ ತೀರಿಕೊಂಡ. ಅವಳನ್ನು ಮಾತಾಡಿಸಲು ತಂಡದ ಗೆಳತಿಯೊಬ್ಬಳು ಬಂದಳು.

“ನೀನು ಅರ್ಧ ದಾರಿಗೆ ಬರ್ತಿದ್ದ ಹಾಗೇ ನಿಮ್ಮಪ್ಪ ಇಷ್ಟಗಲ ಬಾಯಿ ತೆಗೆದು ಉಸಿರೆಳೀತಿದ್ರು ಕಣೇ. ಪ್ರತಿ ಸಲ. ನಾವೆಲ್ಲ ನೋಡಿ ನಗ್ತಿದ್ವಿ. ನಿನಗೆ ಗೊತ್ತೇ ಇರಲಿಲ್ವಾ?” ಎಂದಳು.

ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಸ್ಪರ್ಧೆಯಲ್ಲೂ ಅವಳೇ ಮುಂದಿದ್ದಳು. ನಡುಮಧ್ಯಕ್ಕೆ ಬಂದಾಗ ಬಲಗಡೆ ಮುಖ ತಿರುಗಿಸಿ ಉಸಿರೆಳೆದಳು. ಕಂಬಿ ಇತ್ತು. ಅಲ್ಲಿ ಯಾರೂ ಇರಲಿಲ್ಲ. ಬೆರಳಿನಷ್ಟು ಅಂತರದಲ್ಲಿ ಸೋತಳು.

“ಇಷ್ಟು ವರ್ಷ ಬೇಡದ ಉಸಿರು ಇವತ್ತು ಯಾಕೆ ಬೇಕಾಯ್ತು?” ಎಂದು ತರಬೇತುದಾರ ಗದರಿದ.

“ಅಪ್ಪ ಪ್ರತಿ ಸಲ ಕೊಟ್ಟಿದ್ದು ಸರ್,” ಎಂದಳು ಅವಳು. “ನಾನೇ ತಗೊಂಡಿರಲಿಲ್ಲ.”

ಆಮೇಲೂ ಕೆಲವು ಸ್ಪರ್ಧೆ ಗೆದ್ದಳು. ಈಗ ಅವಳಿಗೆ ವಯಸ್ಸಾಗಿದೆ. ಗೆದ್ದ ದಿನಗಳ ಬಗ್ಗೆ ಯಾರಾದರೂ ಕೇಳಿದರೆ, ಒಂದು ಕಪ್ಪು ಗೆರೆ ನೆನಪಿದೆ ಎನ್ನುತ್ತಾಳೆ. ಕಲ್ಯಾಣಿಯ ಬಗ್ಗೆ ಕೇಳಿದರೆ ಹೊತ್ತು ಮುಳುಗುವವರೆಗೂ ಹೇಳುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಹಾಗಾದರೆ ಅವಳು ಆ ದಿನ ಸೋತದ್ದು ಸರಿಯೇ, ಗುರುಗಳೇ?”

“ಅದನ್ನು ಅವಳ ತರಬೇತುದಾರನನ್ನು ಕೇಳು, ನಿನ್ನ ತಾಯಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.”